ಬಡಿಸಿದವಳ ಹಸಿವು

ನಮ್ಮ ಊರಿನಲ್ಲಿ ಸಿಟ್ಟಿಗೆ ಊಟ ಬಿಟ್ಟವರನ್ನು ಯಾರೂ ರಮಿಸುವುದಿಲ್ಲ, ಬೈದು ಕೂರಿಸುತ್ತಾರೆ. ಹಸಿದವರು ಉಣ್ಣದೆ ತಟ್ಟೆಯ ಮುಂದಿನಿಂದ ಎದ್ದರೆ ಆ ಹಸಿವು ಬಡಿಸಿದವರ ಹೊಟ್ಟೆಗೆ ಹೋಗುತ್ತದೆ. ನಮ್ಮ ಅಜ್ಜಿಯ ಕಾಲದಲ್ಲೂ ಹೀಗೆಯೇ ಇತ್ತು, ಅವರ ಅಜ್ಜಿಯ ಕಾಲದಲ್ಲೂ. ಗಂಡ ಹೆಂಡಿರ ಜಗಳದಲ್ಲಿ ಬಾಯಿಗೆ ಬಂದದ್ದು ಆಡಿದರೂ ಪಂಚಾಯಿತಿಗೆ ಕರೆಯುವುದಿಲ್ಲ, ತಟ್ಟೆ ತಳ್ಳಿ ಎದ್ದರೆ ಕರೆಯುತ್ತಾರೆ. ಮದುವೆ ಮನೆಯಲ್ಲಿ ಬಡಿಸುವವರು ಮೊದಲೇ ಹೊಟ್ಟೆ ತುಂಬ ಉಂಡು, ಸೊಂಟಕ್ಕೆ ಟವೆಲ್ ಬಿಗಿದುಕೊಂಡು ಪಂಕ್ತಿಗೆ ಇಳಿಯುತ್ತಾರೆ. ಆದರೂ ಬೀಗರ ಕಡೆಯ ಯಾರೋ ಒಬ್ಬ ಮುಖ ಸಿಂಡರಿಸಿಕೊಂಡು ಎದ್ದನೆಂದರೆ, ಸಾರಿನ ಬಕೆಟ್ ಹಿಡಿದವನು ನಿಂತಲ್ಲೇ ಪಕ್ಕದ ಎಲೆಯ ಹಪ್ಪಳಕ್ಕೆ ಕೈ ಹಾಕುತ್ತಾನೆ. ಬಸ್ ಸ್ಟ್ಯಾಂಡಿನ ಹೋಟೆಲಿನ ಸಪ್ಲೈಯರುಗಳಲ್ಲಿ ಸಣ್ಣಗಿರುವವರು ಒಬ್ಬರೂ ಇಲ್ಲ. ಶಿವರಾತ್ರಿಯ ದಿನ ಊರಿಗೆ ಊರೇ ಒಲೆ ಹಚ್ಚುವುದಿಲ್ಲ. ಬಡಿಸುವವರಿಲ್ಲದ ಆ ಒಂದು ದಿನ ಅವರವರ ಹಸಿವು ಅವರವರ ಹತ್ತಿರವೇ ಇರುತ್ತದೆ.

ಶಾಲ್ಮಲಿ ನನ್ನ ಒಬ್ಬಳೇ ಮಗಳು. ಇಪ್ಪತ್ತೆರಡು ವರ್ಷ. ಮುಂದಿನ ಕೋಣೆಯಲ್ಲಿ ಕೂತು ಬ್ಲೌಸುಗಳಿಗೆ ಆರಿ ವರ್ಕ್ ಮಾಡುತ್ತಾಳೆ. ಮರದ ಚೌಕಟ್ಟಿಗೆ ಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟಿ, ಕೊಕ್ಕೆಯ ಸೂಜಿಯಿಂದ ಜರಿ, ಮಣಿ ಕೂರಿಸುವ ಕೆಲಸ. ಮದುವೆ ಗೊತ್ತಾದ ಹುಡುಗಿಯರು ಬಂದು ಅವಳ ಮುಂದೆ ತೋಳೆತ್ತಿ ನಿಲ್ಲುತ್ತಾರೆ. ಇವಳು ಟೇಪು ಸುತ್ತುತ್ತಾಳೆ, ಎದೆ, ಸೊಂಟ, ತೋಳು. ದಿನವೆಲ್ಲ ಬೇರೆಯವರ ಮೈ ಅಳೆಯುವ ಆ ಟೇಪು ಯಾವಾಗ ಅವಳ ತೋಳಿಗೇ ಸುತ್ತಿಕೊಳ್ಳಲು ಶುರುವಾಯಿತೋ ನನಗೆ ಗೊತ್ತಿಲ್ಲ. ಯಾಕೆ ಅಂತಲೂ ಗೊತ್ತಿಲ್ಲ. ಯಾರಾದರೂ ಏನಾದರೂ ಅಂದರೇ ಎಂದು ಕೇಳಿದ್ದೇನೆ. ಇಲ್ಲ ಎನ್ನುತ್ತಾಳೆ.

ಮೊದಲು ಗೊತ್ತಾದದ್ದು ನನ್ನ ಹೊಟ್ಟೆಗೆ. ಬೆಳಗಿನ ತಿಂಡಿ ತಿಂದು ಪಾತ್ರೆ ತೊಳೆಯಲು ಕೂತಿದ್ದೆ. ತಿಂದದ್ದು ಇನ್ನೂ ಗಂಟಲಲ್ಲೇ ಇದ್ದ ಹಾಗಿತ್ತು, ಆಗ ಹೊಕ್ಕುಳ ಹಿಂದೆ ಸಣ್ಣಗೆ ಚಿವುಟಿದ ಹಾಗಾಯಿತು. ಒಬ್ಬೊಬ್ಬರ ಹಸಿವು ಒಂದೊಂದು ಥರ. ನನ್ನ ಯಜಮಾನರದು ಬಿಸಿ, ಎದೆಗೆ ಏರುತ್ತದೆ. ಶಾಲ್ಮಲಿಯದು ತಣ್ಣಗೆ, ಚಿವುಟುವಂಥದ್ದು. ಅವಳು ಕೂಸಾಗಿದ್ದಾಗ ಅರ್ಧ ಹಾಲು ಕುಡಿದು ನಿದ್ದೆ ಹೋಗುತ್ತಿದ್ದಳಲ್ಲ, ಆಗಿನಿಂದ ನನಗೆ ಅದರ ಗುರುತು. ಎದ್ದು ಹೋಗಿ ನೋಡಿದರೆ ಅವಳ ತಟ್ಟೆಯಲ್ಲಿ ದೋಸೆಯನ್ನು ಚೂರು ಚೂರು ಮಾಡಿ ಅಂಚಿಗೆ ಸರಿಸಿ ಇಟ್ಟಿದ್ದಳು. ಕಡಿಮೆಯಾದದ್ದು ಕಾಣಲಿಲ್ಲ. ನಾನು ನಮ್ಮ ಊರಿನ ಯಾವ ತಾಯಿಯಾದರೂ ಮಾಡುವುದನ್ನೇ ಮಾಡಿದೆ. ಆ ಚೂರುಗಳನ್ನು ತಿಂದೆ. ಮಗುವಿಗೆ ಹಸಿದರೆ ಉಣಿಸಬೇಕು, ಆ ಹಸಿವು ಯಾರ ಹೊಟ್ಟೆಯಲ್ಲಿದ್ದರೇನು?

ಹಾಗೆ ಶುರುವಾದದ್ದು ದಿನದ ರೂಢಿಯಾಯಿತು. ಅವಳು ಬಿಡುತ್ತಿದ್ದಳು, ನಾನು ತಿನ್ನುತ್ತಿದ್ದೆ. ಅವಳ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ನನ್ನ ಬಳೆಗಳನ್ನು ಸೋಪು ಹಚ್ಚಿ ತೆಗೆಯಬೇಕಾಯಿತು. ಮೆಟ್ಟಿಲು ಹತ್ತಿದರೆ ನನಗೆ ಏದುಸಿರು, ಅವಳಿಗೆ ಕಣ್ಣು ಕತ್ತಲೆ. ಪಕ್ಕದ ಮನೆಯ ಹಾಲಮ್ಮನ ಬಾಯಿ ಸುಮ್ಮನಿರುವಂಥದ್ದಲ್ಲ. ಕಾಂಪೌಂಡಿನ ಆ ಕಡೆಯಿಂದ ಒಂದು ದಿನ, "ನಾಗವೇಣಕ್ಕಾ, ಜಂಪರಿನ ಹೊಲಿಗೆ ಎಲ್ಲಾ ಬಿಚ್ಚಿಸ್ದಂಗಿದೆ. ಇನ್ನೇನ್ ಉಳೀತು, ಸೀರೆನೇ ಸುತ್ಕೊಂಡ್ ಓಡಾಡ್ತೀಯೇನು?" ಎಂದಳು.

"ವಯಸ್ಸಾತಲ್ಲ ಹಾಲಮ್ಮ, ಊದ್ಕೊಂಡೀನಿ" ಎಂದೆ.

"ವಯಸ್ಸಿಗೆ ಊದಿದ್ದು ನಂಗೊತ್ತಾಗಲ್ವಾ? ಮಗಳು ಬಿಟ್ಟಿದ್ದು ತಿಂದು ಊದಿದ್ದು ಅದು. ಹುಡುಗಿ ಒಣಗಿದ ಬದನೆಗಿಡ ಆಗೈತೆ. ಎರಡು ಬಾರಿಸಿ ಉಣ್ಸು."

ಬಾರಿಸಲಿಲ್ಲ. ಬೈದು ನೋಡಿದೆವು, ಅತ್ತು ನೋಡಿದೆವು. ನನ್ನ ಯಜಮಾನರು ಪರಮೇಶಪ್ಪನವರಿಗೆ ಮಿಕ್ಸಿ, ಫ್ಯಾನು ರಿಪೇರಿಯ ಅಂಗಡಿ. ಸುಟ್ಟುಹೋದ ಮೋಟರಿನ ತಂತಿಯನ್ನು ಬಿಚ್ಚಿ ಹೊಸದು ಸುತ್ತಿದರೆ ತಿರುಗಲೇಬೇಕು ಎಂದು ನಂಬಿದ ಮನುಷ್ಯ. ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು ಮಗಳ ಎದುರಿಗೆ ಕೂರುತ್ತಿದ್ದರು. "ಒಂದು ತುತ್ತವ್ವಾ. ನಿಮ್ಮಮ್ಮನ ಮುಖ ನೋಡಿ" ಎನ್ನುತ್ತಿದ್ದರು. ಅವಳು ನನ್ನ ಮುಖ ನೋಡುತ್ತಿದ್ದಳು. ತುತ್ತು ಕೈಯಲ್ಲೇ ಇರುತ್ತಿತ್ತು. ಕಣ್ಣಿನಲ್ಲಿ ನೀರು ತುಂಬುತ್ತಿತ್ತು. "ಆಗಲ್ಲಪ್ಪಾ. ಒಳಗೆ ಹೋದ್ರೆ ಏನಾಗುತ್ತೋ ಅನ್ಸುತ್ತೆ." ಏನಾಗುತ್ತದೆ ಎಂದು ಇವರು ಕೇಳಿದರೆ ಏಳುತ್ತಿದ್ದಳು. ನನ್ನ ಹೊಕ್ಕುಳ ಹಿಂದೆ ಚಿವುಟುತ್ತಿತ್ತು.

ಆನ್‌ಲೈನ್ ಕ್ಲಿನಿಕ್ಕನ್ನು ಹುಡುಕಿದವಳು ಅವಳೇ. ಇದನ್ನು ನಾನು ಹೇಳಲೇಬೇಕು, ಯಾಕೆಂದರೆ ಊರಿನಲ್ಲಿ ಆಮೇಲೆ ನಾವೇ ಅವಳಿಗೆ ಭಂಗಿ ಸೊಪ್ಪು ಕುಡಿಸಿದೆವು ಎಂದು ಮಾತಾಯಿತು. ನಾನು ಅಟ್ಟದ ಮೇಲಿಂದ ಅಕ್ಕಿ ಇಳಿಸಲು ಹೋಗಿ ಮಂಡಿ ಹಿಡಿದುಕೊಂಡು ಕೂತುಬಿಟ್ಟಿದ್ದೆ. ಅವಳು ಓಡಿ ಬಂದು ನನ್ನ ಕಾಲು ನೀವಿದಳು. ಆ ಸಂಜೆ ಫೋನು ಹಿಡಿದುಕೊಂಡು ಅಡುಗೆಮನೆಗೆ ಬಂದಳು. "ಅಮ್ಮ, ಗಾಂಜಾ ಗಿಡದಿಂದ ಎಣ್ಣೆ ಮಾಡ್ತಾರಂತೆ. ಔಷಧಿ. ಡಾಕ್ಟ್ರು ಫೋನಲ್ಲೇ ಮಾತಾಡಿ ಬರ್ಕೊಡ್ತಾರೆ. ನಿದ್ದೆ ಬರದೋರಿಗೆ, ನೋವಿದ್ದೋರಿಗೆ, ಹಸಿವಾಗದೋರಿಗೆ." ಅವಳ ಬೆರಳು ಪರದೆಯ ಮೇಲೆ ಒಂದು ಸಾಲಿನ ಮೇಲೆ ನಿಂತಿತ್ತು: ಹಸಿವಾಗುವುದಿಲ್ಲ. "ನಂಗೆ ಹಸಿವೇ ಆಗಲ್ವಲ್ಲಮ್ಮ. ಹಸಿವಾದ್ರೆ ತಿಂತೀನೇನೋ. ನೀನು ಹಿಂಗಾಗೋದು ನೋಡಕ್ಕಾಗಲ್ಲ ನಂಗೆ."

ಅವಳು ಸುಳ್ಳು ಹೇಳಲಿಲ್ಲ. ಎಷ್ಟೋ ಕಾಲದಿಂದ ಅವಳ ಹಸಿವೆಲ್ಲ ನನ್ನಲ್ಲೇ ಇತ್ತು. ಅವಳಲ್ಲಿ ಇರಲು ಸಾಧ್ಯವೇ ಇರಲಿಲ್ಲ.

ಫೋನನ್ನು ಉಪ್ಪಿನ ಭರಣಿಗೆ ಒರಗಿಸಿ ಇಟ್ಟೆವು. ಡಾಕ್ಟರು ಚಿಕ್ಕ ವಯಸ್ಸಿನವರು, ಹೆಸರು ಸುಮಂತ್ ಎಂದರು. ಬೆನ್ನ ಹಿಂದೆ ಹಸಿರು ಎಲೆಗಳ ಚಿತ್ರ. "ನಮಸ್ಕಾರ ಅಮ್ಮ" ಎಂದು ನನಗೂ ಕೈ ಮುಗಿದರು. ಒಳ್ಳೆಯ ಹುಡುಗ ಅನ್ನಿಸಿತು. ನಿದ್ದೆ ಹೇಗೆ, ಮನಸ್ಸು ಹೇಗೆ, ಮನೆಯಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇತ್ತೇ, ತೂಕ ಎಷ್ಟು ಎಂದೆಲ್ಲ ಕೇಳಿದರು. ತೂಕವನ್ನು ಅವಳು ಸ್ವಲ್ಪ ಏರಿಸಿಯೇ ಹೇಳಿದಳು. ಪರದೆಯಲ್ಲಿ ಅವರಿಗೆ ಕಾಣುತ್ತಿದ್ದದ್ದು ಮುಖ ಮಾತ್ರ. ಆ ದಿನ ಅವಳು ಕೂದಲನ್ನು ಕೆನ್ನೆಯ ಎರಡೂ ಕಡೆ ಬಿಟ್ಟುಕೊಂಡಿದ್ದಳು, ಉಣ್ಣೆಯ ಸ್ವೆಟರ್ ಹಾಕಿದ್ದಳು. "ಈ ಥರದ ಸಮಸ್ಯೆಗೆ ಇದು ಕೆಲಸ ಮಾಡುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಕಡಿಮೆ ಅಮ್ಮ. ಕೆಲವರಿಗೆ ಹಸಿವು ಬರುತ್ತೆ. ನೋಡೋಣ. ಕೌನ್ಸೆಲಿಂಗ್ ಕೂಡ ತಗೋಬೇಕು" ಎಂದರು. ಅಷ್ಟರಲ್ಲಿ ಅವರ ಕಡೆ ಇನ್ನೊಂದು ಕರೆ ಕಾದಿತ್ತು. ನಾನು ಒಲೆಯ ಮೇಲಿಟ್ಟ ಬೇಳೆ ಇನ್ನೂ ಬೆಂದಿರಲಿಲ್ಲ, ಮಾತು ಮುಗಿಯಿತು.

ನಮ್ಮ ಊರಿನ ಹಸಿವಿನ ವಿಚಾರ ನಾವಿಬ್ಬರೂ ಅವರಿಗೆ ಹೇಳಲಿಲ್ಲ. ಮುಚ್ಚಿಡಬೇಕೆಂದು ಅಲ್ಲ. ಹೇಳಬೇಕು ಎಂದು ಹೊಳೆಯಲೇ ಇಲ್ಲ. ಡಾಕ್ಟರ ಹತ್ತಿರ ಹೋದವರು ನಮ್ಮೂರಲ್ಲಿ ನೀರು ಇಳಿಜಾರಿಗೆ ಹರಿಯುತ್ತದೆ ಎಂದು ಹೇಳುತ್ತಾರೆಯೇ?

ಕೊರಿಯರಿನಲ್ಲಿ ಕಂದು ಬಣ್ಣದ ಸಣ್ಣ ಬಾಟಲಿ ಬಂತು. ಇವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ನಮ್ಮಪ್ಪ ಮಠದ ಕಟ್ಟೆ ಮೇಲೆ ಭಂಗಿ ಸೇದೋರ ಪಕ್ಕ ಕೂತಿದ್ದಕ್ಕೆ ನಂಗೆ ಬೆನ್ನು ಮುರಿಯೋ ಹಂಗೆ ಹೊಡೆದಿದ್ದ. ಈಗ ನಾನೇ ಮಗಳಿಗೆ ಸಹಿ ಮಾಡಿ ಇಸ್ಕೊಳ್ಳೋ ಹಂಗಾತು" ಎಂದರು. ಹಾಲಮ್ಮನಿಗೆ ಅದು ಹೇಗೆ ತಿಳಿಯಿತೋ. "ಕಟ್ಟೆ ಮೇಲೆ ಸೇದಿದ್ರೆ ಭಂಗಿ, ಬಾಟ್ಲಿಲಿ ಬಂದ್ರೆ ಔಷಧಿ. ಹಂಗಾದ್ರೆ ನಮ್ಮ ಯಜಮಾನ್ರದ್ದೂ ಔಷಧಿನೇ ಬಿಡು, ಅದೂ ಬಾಟ್ಲಿಲೇ ಬರೋದು!" ಎಂದು ತಾನೇ ನಕ್ಕಳು. ನನಗೂ ನಗು ಬಂತು. ಎಷ್ಟು ದಿನಗಳಾಗಿದ್ದವೋ ನಕ್ಕು.

ಮೊದಲ ದಿನ ನಾಲಿಗೆಯ ಕೆಳಗೆ ಹನಿ ಹಾಕಿಕೊಂಡು ಅವಳು ಕೆಲಸಕ್ಕೆ ಕೂತಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲಿಗೆ ಒರಗಿ ನಿಂತು, "ಅಮ್ಮಾ, ರೊಟ್ಟಿ ವಾಸನೆ ಇಷ್ಟು ಜೋರಾಗಿರುತ್ತಾ ಯಾವಾಗ್ಲೂ?" ಎಂದಳು. ನಾನು ತಿರುಗಿ ನೋಡಲಿಲ್ಲ. ನೋಡಿದರೆ ಓಡಿಹೋಗುತ್ತಾಳೇನೋ ಎಂದು ಭಯ, ಕಿಟಕಿಗೆ ಬಂದ ಗುಬ್ಬಿಯ ಹಾಗೆ. ಬಡಿಸಿದೆ. ಕೂತಳು. ಬದನೆಕಾಯಿ ಪಲ್ಯ ಹಚ್ಚಿಕೊಂಡು ಒಂದು ರೊಟ್ಟಿ ಪೂರ್ತಿ ತಿಂದಳು. ಕುಕ್ಕರ್ ಕೂಗಿದ್ದಕ್ಕೆ ಬಿದ್ದು ಬಿದ್ದು ನಕ್ಕಳು, "ಅದು ಹಾಲಮ್ಮತ್ತೆ ಕರೆದಂಗಿದೆ" ಅಂತ. ಇವರು ಅಂಗಡಿಯಿಂದ ಬಂದವರು ಕೈ ಕಾಲು ತೊಳೆಯದೆ ಬಾಗಿಲಲ್ಲೇ ನಿಂತುಬಿಟ್ಟರು. ನನ್ನ ಹೊಟ್ಟೆ ಅಂದು ಸುಮ್ಮನಿತ್ತು. ಆ ಸುಮ್ಮನಿರುವುದು ಎಷ್ಟು ದೊಡ್ಡ ಸುಖವೆಂದು ನನಗೆ ಮರೆತೇಹೋಗಿತ್ತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹಿತ್ತಲಿಗೆ ಹೋದೆ.

ಮರುದಿನ ಬೆಳಿಗ್ಗೆ ಅವಳು ಸ್ನಾನದ ಮನೆಯಿಂದ ಹೊರಗೆ ಬರಲೇ ಇಲ್ಲ. ಬಾಗಿಲು ಬಡಿದು ಬಡಿದು ತೆಗೆಸಿದೆ. ಟೇಪನ್ನು ತೋಳಿಗೆ ಎಷ್ಟು ಬಿಗಿದಿದ್ದಳೆಂದರೆ ಅಲ್ಲಿ ಕೆಂಪು ಗೆರೆ ಎದ್ದಿತ್ತು. "ನಿನ್ನೆ ನಾನಲ್ಲಮ್ಮ ತಿಂದಿದ್ದು" ಎಂದಳು. "ಆ ಎಣ್ಣೆ ಹಾಕ್ಕೊಂಡ್ರೆ ಒಳಗಿಂದ ಯಾರೋ ಬಾಗಿಲು ಒದೀತಾರೆ. ತೆಗೆದ್ರೆ ನನ್ನನ್ನೇ ತಳ್ಳಿ ಹೊರಗೆ ಬರ್ತಾರೆ." ಹಾಗಾದರೆ ಬೇಡ ಬಿಡು ಎಂದೆ. ತಲೆ ಅಲ್ಲಾಡಿಸಿದಳು. "ನಿನಗೋಸ್ಕರ ಹಾಕ್ಕೋತೀನಿ."

ಹಾಕಿಕೊಂಡಳು. ಹಸಿವು ಬಂತು. ತಟ್ಟೆಯ ಮುಂದೆ ಕೂತಳು, ಮುಟ್ಟದೆ ಎದ್ದಳು. ಆಗ ನನ್ನ ಹೊಟ್ಟೆಗೆ ಬಂದದ್ದು ನನಗೆ ಗುರುತಿದ್ದ ಆ ತಣ್ಣನೆಯ ಚಿವುಟು ಅಲ್ಲ. ಕಾದ ನೀರಿನ ಹಂಡೆಯನ್ನು ಒಳಗೆ ಮಗುಚಿದ ಹಾಗಿತ್ತು. ಮಂಡಕ್ಕಿ ಡಬ್ಬಿ ತೆಗೆದೆ, ಒಣಕೊಬ್ಬರಿ, ಬೆಲ್ಲ, ಹಿಂದಿನ ದಿನದ ಅನ್ನ, ಕೈಗೆ ಸಿಕ್ಕಿದ್ದೆಲ್ಲ. ನಿಂತುಕೊಂಡೇ ತಿಂದೆ. ಅಗಿಯುವ ಸದ್ದು ಮುಂದಿನ ಕೋಣೆಗೆ ಕೇಳಬಾರದೆಂದು ನಲ್ಲಿ ತಿರುಗಿಸಿದೆ. ತಿರುಗಿ ನೋಡಿದರೆ ಅವಳು ಬಾಗಿಲಲ್ಲಿ ನಿಂತಿದ್ದಳು. ಮುಖದಲ್ಲಿ ಅಸಹ್ಯವಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ಕಣ್ಣು ಅರೆಮುಚ್ಚಿ, ಬಿಸಿಲಿನಿಂದ ನೆರಳಿಗೆ ಬಂದವಳ ಹಾಗೆ ಒರಗಿ ನಿಂತಿದ್ದಳು.

ಮುಂದೆ ಅದೇ ಕ್ರಮವಾಯಿತು. ಕೆಲವು ದಿನ ತಿನ್ನುತ್ತಿದ್ದಳು, ತಿಂದ ಮರುದಿನ ಅದರ ಎರಡರಷ್ಟು ಬಿಡುತ್ತಿದ್ದಳು. ಡಾಕ್ಟರು ಮತ್ತೆ ಪರದೆಯಲ್ಲಿ ಬಂದಾಗ, ಹಸಿವು ಬರುತ್ತಿದೆಯೇ ಎಂದರು. ಬರುತ್ತಿದೆ, ಉಳಿಯುತ್ತಿಲ್ಲ ಎಂದಳು. ಹಾಗಾದರೆ ಪ್ರಮಾಣ ಸ್ವಲ್ಪ ಏರಿಸೋಣ ಎಂದರು. ನನಗೆ ತಡೆಯಲಿಲ್ಲ. ಹಿಟ್ಟಿನ ಕೈಯಲ್ಲೇ ಫೋನಿನ ಮುಂದೆ ಬಂದೆ.

"ಡಾಕ್ಟ್ರೇ, ಬರೋ ಹಸಿವು ಅವಳ ಹತ್ರ ನಿಲ್ಲಲ್ಲ. ಅವಳು ಬಿಟ್ಟಿದ್ದು ನಂಗೆ ಬರುತ್ತೆ. ನಾನೇ ಬಡ್ಸೋದಲ್ವಾ."

ಅವರು ಪೆನ್ನು ಕೆಳಗಿಟ್ಟರು. "ಅರ್ಥ ಆಗುತ್ತೆ ಅಮ್ಮ. ಮಕ್ಕಳು ತಿನ್ನದೇ ಇದ್ದಾಗ ತಾಯಂದಿರಿಗೆ ಹಾಗೇ ಅನ್ಸುತ್ತೆ."

"ಅನ್ಸೋದಲ್ಲ ಡಾಕ್ಟ್ರೇ, ಬರುತ್ತೆ. ನಿನ್ನೆ ಅರ್ಧ ಡಬ್ಬಿ ಮಂಡಕ್ಕಿ ತಿಂದೆ."

"ನೀವೂ ಒಂದ್ಸಲ ನಮ್ಮ ಕೌನ್ಸೆಲರ್ ಹತ್ರ ಮಾತಾಡಿ. ತುಂಬಾ ಒತ್ತಡದಲ್ಲಿದೀರ." ದನಿಯಲ್ಲಿ ಕರುಣೆಯಿತ್ತು. ಅವರದು ತಪ್ಪೆಂದು ನಾನು ಹೇಳಲಾರೆ. ಅವರ ಊರಿನಲ್ಲಿ ಹಸಿವು ಹುಟ್ಟಿದ ಕಡೆಯೇ ಸಾಯುತ್ತದೆ.

ಹಬ್ಬದ ಸೀಸನ್ನಿನಲ್ಲಿ, ಕೈ ತುಂಬ ಕೆಲಸವಿದ್ದಾಗ, ಅವಳು ಚೌಕಟ್ಟಿನ ಮೇಲೆಯೇ ಬಿದ್ದಳು. ಬಿಗಿದ ಬಟ್ಟೆ ಪರ್ರೆಂದು ಹರಿದ ಸದ್ದು ಅಡುಗೆಮನೆಗೆ ಕೇಳಿಸಿತು. ಎತ್ತಿದರೆ ತೂಕವೇ ಇಲ್ಲ. ಮೈಮೇಲೆಲ್ಲ ಮಣಿ ಅಂಟಿಕೊಂಡಿದ್ದವು. ಆಟೋದಲ್ಲಿ ಮಲಗಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದೆವು. ತಬಸ್ಸುಮ್ ಡಾಕ್ಟರು ನಮ್ಮ ಊರಿನಲ್ಲೇ ಹುಟ್ಟಿ ಬೆಳೆದವರು, ನನಗಿಂತ ನಾಲ್ಕು ವರ್ಷ ದೊಡ್ಡವರು. ಮಗಳ ನಾಡಿ ಹಿಡಿದರು, ಇಸಿಜಿ ತೆಗೆಸಿದರು, ಡ್ರಿಪ್ ಹಾಕಿಸಿದರು. ಆಮೇಲೆ ನನ್ನನ್ನು ಹೊರಗೆ ಕರೆದು ನನ್ನ ಬೆರಳಿಗೂ ಸೂಜಿ ಚುಚ್ಚಿ ಸಕ್ಕರೆ ನೋಡಿದರು.

"ಇಬ್ರೂ ಸಾಯ್ತೀರಾ?" ಎಂದರು.

ನಾನು ಎಣ್ಣೆಯ ವಿಚಾರ ಹೇಳಿದೆ. "ಅದನ್ನ ಮೊದ್ಲು ನಿಲ್ಸು. ಹಸಿವು ಇಲ್ಲ ಅಂತ ಯಾರು ಹೇಳಿದ್ದು ನಿಂಗೆ? ಹಸಿವಿಲ್ದಿದ್ರೆ ನೀನು ಇಷ್ಟು ದಪ್ಪ ಹೆಂಗಾದೆ? ಅವಳಿಗೆ ಹಸಿವಿನ ಕೊರತೆ ಇಲ್ಲ ವೇಣಿ. ಹಸಿವಾದ್ರೆ ಹೆದರ್ತಾಳೆ, ಹೆದರಿದ್ದನ್ನೆಲ್ಲ ತಂದು ನಿನ್ನ ಹತ್ರ ಇಡ್ತಾಳೆ, ನೀನು ಮುಗಿಸ್ತೀಯ. ಹೆದರಿಕೆಗೆ ಔಷಧಿ ಮಾಡೋರು ಬೇರೆ." ಘಟ್ಟದ ಕೆಳಗೆ ಒಂದು ಆಸ್ಪತ್ರೆ ಇದೆಯಂತೆ. ಇಂಥವರನ್ನೇ ಇಟ್ಟುಕೊಂಡು, ಪ್ರತಿ ಊಟಕ್ಕೂ ಪಕ್ಕದಲ್ಲಿ ಒಬ್ಬರು ಕೂತು, ನಿಧಾನವಾಗಿ ಉಣ್ಣಲು ಕಲಿಸುತ್ತಾರಂತೆ. ತಿಂಗಳುಗಟ್ಟಲೆ. "ಹಾಸಿಗೆ ಖಾಲಿ ಆದ ತಕ್ಷಣ ಕಳಿಸ್ತೀನಿ. ಅಲ್ಲಿವರೆಗೂ ಇಲ್ಲೇ ಇರ್ಲಿ" ಎಂದರು.

"ಅಲ್ಲಿ ಅವಳು ಬಿಟ್ರೆ ನಂಗೆ ಗೊತ್ತಾಗಲ್ವಲ್ಲ" ಎಂದೆ.

"ಅದಕ್ಕೇ ಕಳಿಸ್ತಿರೋದು."

ನಾನು ಬೇಡಿಕೊಂಡೆ. ನಾನೇ ಪಕ್ಕದಲ್ಲಿ ಕೂರುತ್ತೇನೆ, ಎಣ್ಣೆ ನಿಲ್ಲಿಸುತ್ತೇನೆ, ಮಂಡಕ್ಕಿ ಡಬ್ಬಿ ಹಾಲಮ್ಮನ ಮನೆಗೆ ಕೊಟ್ಟುಬಿಡುತ್ತೇನೆ ಎಂದೆ. ಡಾಕ್ಟರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಹಂಗಾದ್ರೆ ಇಲ್ಲೇ, ವಾರ್ಡಲ್ಲೇ ಒಂದು ಹೊತ್ತು ನೀನು ಬಡಿಸಬೇಡ. ಅವಳೇ ಬಡಿಸ್ಕೊಳ್ಳಲಿ. ಹಸಿವು ಅವಳ ಹತ್ರನೇ ಇರುತ್ತೆ. ನೀನು ನೋಡ್ತಾ ಕೂತ್ಕೊ. ನಿನ್ನ ಕೈಲಿ ಅಷ್ಟಾದ್ರೆ ಕಳ್ಸೋ ಮಾತು ಬಿಡ್ತೀನಿ."

ಹೊರಗಿನವರಿಗೆ ಇದು ಏನೂ ಅಲ್ಲದ ಮಾತು. ನಮ್ಮಲ್ಲಿ ಹಿಂದೆ ಮುಂದೆ ಯಾರೂ ಇಲ್ಲದವರು ಮಾತ್ರ ತಾವೇ ಬಡಿಸಿಕೊಳ್ಳುತ್ತಾರೆ. "ನಿನ್ನ ಕೈಯಲ್ಲೇ ನೀನು ಬಡಿಸ್ಕೊಳ್ಳೋ ಹಂಗಾಗ್ಲಿ" ಎನ್ನುವುದು ನಮ್ಮ ಬೈಗುಳಗಳಲ್ಲಿ ಕೊನೆಯದು. ಅದಾದ ಮೇಲೆ ಮಾತೇ ಬಿಟ್ಟುಹೋಗುತ್ತದೆ. ತಾಯಿ ಮಗಳು ಒಂದೇ ಕೋಣೆಯಲ್ಲಿದ್ದು ಮಗಳು ತನಗೆ ತಾನೇ ಸೌಟು ಹಿಡಿದದ್ದನ್ನು ನಾನು ಎಲ್ಲಿಯೂ ನೋಡಿದವಳಲ್ಲ.

ಮೆತ್ತಗೆ ಬೇಯಿಸಿದ ಅನ್ನ, ತಿಳಿಸಾರು ಮನೆಯಿಂದ ತಂದೆ. ಇವರು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತರು, ಒಳಗೆ ಬರಲಾರೆ ಎಂದರು. ಎಣ್ಣೆ ನಿಂತು ಅದರ ಅಮಲು ಇಳಿದಿತ್ತು. ತಟ್ಟೆ, ಡಬ್ಬಿ, ಸೌಟು ಅವಳ ಮುಂದಿಟ್ಟು, "ಬಡಿಸ್ಕೋ ಮಗಾ" ಎಂದೆ. ಎರಡು ಸಲ ಹೇಳಬೇಕಾಯಿತು.

ಅವಳು ನನ್ನನ್ನು ನೋಡಿದಳು. "ನಾನಾ?"

"ಹೂಂ."

"ಯಾಕಮ್ಮ? ನಾನೇನ್ ಮಾಡ್ದೆ?"

ಏನೂ ಮಾಡಲಿಲ್ಲ ಎಂದು ಹೇಳಬೇಕಿತ್ತು. ಡಬ್ಬಿಯನ್ನು ಅವಳ ಕಡೆಗೆ ಸರಿಸಿದೆ. ಅವಳು ಸೌಟು ಎತ್ತಿಕೊಂಡಳು. ಅನ್ನದಲ್ಲಿ ಇಟ್ಟಳು. ಅಲ್ಲೇ ಹಿಡಿದಿದ್ದಳು. ನನ್ನ ಹೊಟ್ಟೆ ಮೌನವಾಗಿತ್ತು. ಅವಳ ಮುಖದ ಮೇಲೆ ಏನೋ ಏರಿ ಬರುವುದು ಕಾಣಿಸಿತು, ಬೆವರು, ತುಟಿಯ ನಡುಕ. ಆ ತಣ್ಣನೆಯ ಚಿವುಟು ಎಷ್ಟೋ ದಿನಗಳ ನಂತರ ಅವಳದೇ ಹೊಟ್ಟೆಯಲ್ಲಿ ಶುರುವಾಗಿತ್ತು. "ಅಮ್ಮಾ, ನೋವಾಗ್ತಿದೆ" ಎಂದಳು. "ಅಮ್ಮಾ, ತಗೋ. ಅಮ್ಮಾ, ತಗೋಳೇ ಇದನ್ನ." ಸೌಟು ಡಬ್ಬಿಯ ಅಂಚಿಗೆ ಬಡಿದು ಟಕಟಕ ಸದ್ದು ಮಾಡುತ್ತಿತ್ತು. ಪಕ್ಕದ ಹಾಸಿಗೆಯ ಮುದುಕಿ ಎದ್ದು ಕೂತು, "ಏನ್ ತಾಯೇ ನೀನು, ಬಡಿಸಬಾರ್ದಾ, ಕಲ್ಲೇನು ನಿನ್ನೆದೆ?" ಎಂದಳು.

ನಾನು ಸೌಟು ಕಿತ್ತುಕೊಂಡೆ. ಬಡಿಸಿದೆ. ಅವಳು ತಟ್ಟೆಯನ್ನು ಎರಡು ಬೆರಳಿನಿಂದ ಆಚೆ ಸರಿಸಿದಳು. ನನ್ನ ಹೊಕ್ಕುಳ ಹಿಂದೆ ಚಿವುಟಿತು. ಅವಳ ಮುಖದ ಗಂಟುಗಳೆಲ್ಲ ಒಂದೊಂದಾಗಿ ಬಿಚ್ಚಿಕೊಂಡವು. ದಿಂಬಿಗೆ ಒರಗಿ, ನನ್ನ ಕೈ ಹಿಡಿದು, "ಥ್ಯಾಂಕ್ಸ್ ಅಮ್ಮ" ಎಂದಳು.

ಅಷ್ಟು ಮೃದುವಾಗಿ ಅವಳು ನನ್ನ ಹತ್ತಿರ ಯಾವತ್ತೂ ಮಾತಾಡಿರಲಿಲ್ಲ. ಅವಳ ಕೈಯೊಳಗೆ ನನ್ನ ಕೈ ಹಾಗೇ ಇಟ್ಟುಕೊಂಡು ಕೂತಿದ್ದೆ. ಅವಳ ತಟ್ಟೆಯ ಅನ್ನ ಆರುತ್ತಿತ್ತು. ತಿನ್ನಬೇಕೆಂದು ನನ್ನ ಹೊಟ್ಟೆ ಕೂಗುತ್ತಿತ್ತು. ನಾನು ತಿಂದರೆ ಅವಳಿಗೆ ನಿದ್ದೆ ಬರುತ್ತದೆ, ಆ ನಿದ್ದೆಯಿಂದ ಒಂದು ದಿನ ಅವಳು ಏಳುವುದಿಲ್ಲ. ಅದು ಅಲ್ಲಿ ಕೂತಾಗ ನನಗೆ ಕಂಡಿತು. ಎದ್ದು ಹೊರಗೆ ಬಂದು ಇವರಿಗೆ, "ಕಳಿಸೋಣ" ಎಂದೆ.

"ಹೊರಗಿನೋರ ಕೈಯಲ್ಲಿ ಉಣ್ಸೋದಾ?" ಎಂದರು ಇವರು. ಆಮೇಲೆ ನನ್ನ ಮುಖ ನೋಡಿದರು. ಅಂಗಿಯ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ನೋಡಿ, ಮತ್ತೆ ಜೇಬಿಗೆ ಹಾಕಿಕೊಂಡರು.

ಆಂಬುಲೆನ್ಸಿನಲ್ಲಿ ನಾನು ಅವಳ ತಲೆಯ ಹತ್ತಿರ ಕೂತೆ. ಹೊರಡುವಾಗ ಹಾಲಮ್ಮ ಕಿಟಕಿಯೊಳಗೆ ಕೈ ಹಾಕಿ ಅವಳ ಕೆನ್ನೆ ಸವರಿ, ಏನೂ ತಮಾಷೆ ಮಾಡದೆ ಹೋದಳು. ಬೆಳಗಿನ ಗಂಜಿಯನ್ನು ನಾನೇ ಬಡಿಸಿದ್ದೆ, ಅವಳು ಮುಟ್ಟಿರಲಿಲ್ಲ. ಆ ಚಿವುಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಬಂದಿದ್ದೆ, ಏನನ್ನೂ ತಿಂದಿರಲಿಲ್ಲ. ಊರಾಚೆಯ ಸೇತುವೆ ದಾಟಿದ್ದೇ ಅದು ನಿಂತುಹೋಯಿತು. ದೀಪ ಆರಿಸಿದ ಹಾಗೆ. ಅದೇ ಕ್ಷಣಕ್ಕೆ ಶಾಲ್ಮಲಿ ಸ್ಟ್ರೆಚರಿನ ಮೇಲೆ ಮುದುಡಿ, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಳು. ನನ್ನನ್ನು ನೋಡಿದಳು. ಅವಳ ಕಣ್ಣಿನಲ್ಲಿ ಅಂಥ ಸಿಟ್ಟನ್ನು ನಾನು ಅದುವರೆಗೆ ಕಂಡಿರಲಿಲ್ಲ. ಘಟ್ಟ ಇಳಿಯುವವರೆಗೂ ಒಂದು ಮಾತಾಡಲಿಲ್ಲ. ಆಸ್ಪತ್ರೆಯಲ್ಲಿ ನನ್ನ ಕೈ ಬಿಡಿಸಿಕೊಂಡು ಸಿಸ್ಟರ ಜೊತೆ ಒಳಗೆ ಹೋದಳು.

ಈಗ ಮನೆಯಲ್ಲಿ ಇಬ್ಬರೇ. ಇವರಿಗೆ ನಾನು ಬಡಿಸುತ್ತೇನೆ, ನನಗೆ ಇವರು ಬಡಿಸುತ್ತಾರೆ. ಇಬ್ಬರೂ ಬಿಡದೆ ತಿನ್ನುತ್ತೇವೆ. ನನ್ನ ಮಂಡಿ ನೋವು ಇಳಿದಿದೆ, ಬಳೆ ಸಲೀಸಾಗಿ ಏರುತ್ತವೆ. ಹಾಲಮ್ಮ, "ಕಳೆ ಬಂತು ನೋಡು ಮುಖಕ್ಕೆ" ಎನ್ನುತ್ತಾಳೆ. ನನ್ನ ಹೊಟ್ಟೆಯೊಳಗೆ ಮಾತ್ರ ಯಾರೂ ಇಲ್ಲ. ಇಪ್ಪತ್ತೆರಡು ವರ್ಷ ಅವಳು ಎಲ್ಲಿದ್ದಳು, ಹೇಗಿದ್ದಳು ಎಂದು ನನಗೆ ಅಲ್ಲಿಂದಲೇ ತಿಳಿಯುತ್ತಿತ್ತು. ಅವಳ ಕಾಯಿಲೆಯ ದಿನಗಳಲ್ಲಿ ಆ ಚಿವುಟು ಎಷ್ಟು ಹಿಂಸೆ ಕೊಟ್ಟರೂ, ಅದಿದ್ದರೆ ಅವಳಿದ್ದಾಳೆ ಎಂದು ಅರ್ಥ. ಈಗ ಮೌನ. ಅವಳು ಉಂಡಿದ್ದಕ್ಕೆ ಬಂದ ಮೌನವೋ, ಸೇತುವೆಯ ಆಚೆಯದೇನೂ ಈಚೆಗೆ ಬರುವುದಿಲ್ಲ ಎಂಬ ಮೌನವೋ ಹೇಗೆ ತಿಳಿಯುವುದು?

ಮೊದಮೊದಲು ಅವಳು ಫೋನಿಗೆ ಬರಲೇ ಇಲ್ಲ. ಆಮೇಲೆ ಮಧ್ಯಾಹ್ನದ ಊಟದ ಹೊತ್ತಿಗೆ ಮಾತಾಡಲು ಬಿಡುತ್ತಿದ್ದರು. "ಊಟ ಆಯ್ತಾ?" ಎಂದು ಕೇಳುವುದನ್ನು ನಾನು ಹೊಸದಾಗಿ ಕಲಿಯಬೇಕಾಯಿತು. ಬೇರೆ ಊರುಗಳಲ್ಲಿ ಕಂಡಕಂಡವರನ್ನೆಲ್ಲ ಕೇಳುತ್ತಾರಂತೆ. ನಮ್ಮಲ್ಲಿ ಆ ಮಾತಿಗೆ ಕೆಲಸವಿಲ್ಲ. ಕೇಳಿದರೆ ಅವಳು "ಆಯ್ತು" ಎನ್ನುತ್ತಿದ್ದಳು. "ಏನ್ ತಿಂದೆ?" "ಅನ್ನ, ಪಲ್ಯ." "ಪೂರ್ತಿನಾ?" "ಹೂಂ." ಫೋನು ಇಟ್ಟು ನಾನು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಲ್ಲುತ್ತಿದ್ದೆ. ಅವಳ ಮಾತು ಬಿಟ್ಟರೆ ನನಗೆ ಬೇರೆ ಸಾಕ್ಷಿ ಇರಲಿಲ್ಲ. ಬೇರೆ ಊರಿನ ತಾಯಂದಿರು ಇಷ್ಟೇ ಇಟ್ಟುಕೊಂಡು ಹೇಗೆ ಬದುಕುತ್ತಾರೋ ಎಂದುಕೊಳ್ಳುತ್ತಿದ್ದೆ.

ಇವತ್ತು ಒಗ್ಗರಣೆಗೆ ಸಾಸಿವೆ ಹಾಕಿದ್ದೆ, ಫೋನು ಬಂತು. ಒಲೆ ಆರಿಸಿ ಎತ್ತಿಕೊಂಡೆ.

"ಊಟ ಆಯ್ತಾ ಮಗಾ?"

"ಆಯ್ತು" ಎಂದಳು. ಆಮೇಲೆ, "ಇಲ್ಲಮ್ಮ. ಅರ್ಧ ಬಿಟ್ಟೆ."

"ನಿನ್ನೆ?"

"ನಿನ್ನೆನೂ ಬಿಟ್ಟಿದ್ದೆ. ಮೊನ್ನೆನೂ."

"ಈಗ?"

"ಹಸಿವಾಗ್ತಿದೆ ಅಮ್ಮ" ಎಂದಳು. ಮಾತು ಕಲಿಯುವಾಗ ಹೇಳಿದ ಹಾಗೆ, ಒಂದೊಂದೇ ಅಕ್ಷರ ಬಿಡಿಸಿ. "ತುಂಬಾ ಹಸಿವಾಗ್ತಿದೆ. ಯಾರಿಗೂ ಹೋಗ್ತಿಲ್ಲ ಇದು. ಇಲ್ಲೇ ಇದೆ."

ಕೊಡು ಇಲ್ಲಿ ಎಂದು ನನ್ನ ಬಾಯಿಗೆ ಬಂದಿತ್ತು. ತುಟಿ ಕಚ್ಚಿದೆ. "ತಟ್ಟೆ ಎಲ್ಲಿದೆ?"

"ಮುಂದೇನೇ ಇದೆ. ಸಿಸ್ಟರು ಕೂತಿದಾರೆ."

"ಇಡ್ಬೇಡ ಫೋನು" ಎಂದೆ. "ಮಾತಾಡೋದೂ ಬೇಡ. ನಾನು ಇಲ್ಲೇ ಇರ್ತೀನಿ."

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡೆ. ಅಲ್ಲಿ ಯಾರೋ ಕುರ್ಚಿ ಎಳೆದರು. ದೂರದಲ್ಲಿ ಒಬ್ಬ ಹುಡುಗಿ ಅಳುತ್ತಿದ್ದಳು, ಅವಳನ್ನು ಯಾರೋ ಸಮಾಧಾನ ಮಾಡುತ್ತಿದ್ದರು. ಆಮೇಲೆ ಚಮಚ ತಟ್ಟೆಗೆ ತಾಗಿದ ಸದ್ದಾಯಿತು. ಎತ್ತಿಕೊಂಡಳೋ, ಕೆಳಗಿಟ್ಟಳೋ ತಿಳಿಯಲಿಲ್ಲ. ನನ್ನ ಹೊಟ್ಟೆಗೆ ಏನೂ ತಿಳಿಯಲಿಲ್ಲ. ನಾನು ಕೇಳುತ್ತ ನಿಂತೆ.